ಡಿಮೆನ್ಶಿಯಾ ಇರೋ ಹಿರಿಯರ ಸಿಟ್ಟು, ಹಠ, ಅನುಮಾನ, ಅಲೆದಾಟ: ಮನೇಲಿ ನೋಡ್ಕೊಳ್ಳೋರಿಗೆ ಸಮಗ್ರ ಮಾರ್ಗದರ್ಶಿ

ಡಿಮೆನ್ಶಿಯಾ (ಮೆದುಳು ನಿಧಾನಕ್ಕೆ ಹಾಳಾಗ್ತಾ ಹೋಗೋ ಕಾಯಿಲೆ) ಅಂದ್ರೆ ಎಲ್ರೂ ಮರೆವಿನ ಬಗ್ಗೆನೇ ಮಾತಾಡ್ತಾರೆ. ಮನೇಲಿ ನೋಡ್ಕೊಳ್ತಿರೋರನ್ನ ಕೇಳಿದ್ರೆ ಬೇರೆನೇ ಹೇಳ್ತಾರೆ. ಮರೆತ್ರೆ ಮರೀಲಿ ಬಿಡಿ ನಾವು ನೆನಪಿಟ್ಕೊಳ್ತೀವಿ, ಆದ್ರೆ ಸ್ನಾನಕ್ಕೆ ಕರೆದ್ರೆ ಕೈ ಎತ್ತೋದು, ಸಂಜೆ ಆಗ್ತಿದ್ದಂಗೆ "ನಮ್ಮನೆಗೆ ಹೋಗ್ಬೇಕು" ಅಂತ ಚಪ್ಪಲಿ ಮೆಟ್ಕೊಂಡು ಬಾಗಿಲ ಹತ್ರ ನಿಲ್ಲೋದು, ಸೊಸೆ ಸರ ಕದ್ದಳು ಅಂತ ಬಂದೋರಿಗೆಲ್ಲ ಹೇಳೋದು, ಈಗಷ್ಟೇ ಉಂಡು ಕೈ ತೊಳೆದು ಪಕ್ಕದ ಮನೆಯವರ ಹತ್ರ "ಇವರು ನಂಗೆ ಊಟಾನೇ ಹಾಕಲ್ಲ" ಅನ್ನೋದು, ಇದನ್ನೆಲ್ಲ ಹೇಗೆ ತಡ್ಕೊಳ್ಳೋದು ಅಂತ ಕೇಳ್ತಾರೆ. 2023ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದ ಅಂದಾಜಿನ ಪ್ರಕಾರ ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು, ಅಂದ್ರೆ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಶಿಯಾ ಇದೆ. ಅವರಲ್ಲಿ ಬಹುಪಾಲು ಜನ ಇರೋದು ಮನೇಲೇ, ನೋಡ್ಕೊಳ್ಳೋದು ಹೆಂಡತಿ, ಮಗಳು, ಸೊಸೆ, ಅಪರೂಪಕ್ಕೆ ಮಗ. ಇವರ್ಯಾರಿಗೂ ಯಾರೂ ಕೂರಿಸ್ಕೊಂಡು ಹೇಳಿಕೊಟ್ಟಿರಲ್ಲ.

ನಾನು ನಮ್ಮ ಮಾವನ್ನ ನೋಡ್ಕೊಂಡೋಳು. ಕೆಎಸ್‌ಆರ್‌ಟಿಸಿಲಿ ಕಂಡಕ್ಟರ್ ಆಗಿ ರಿಟೈರ್ ಆದೋರು, ಆಮೇಲೆ ಆಲ್‌ಜೈಮರ್ ಬಂತು, ಅದೂ ಡಿಮೆನ್ಶಿಯಾದ ಒಂದು ಬಗೆ. ಡಾಕ್ಟರುಗಳಿಂದ, ನರ್ಸ್‌ಗಳಿಂದ, ನಮ್ಮಂಥದ್ದೇ ಬೇರೆ ಮನೆಯವರಿಂದ ಕಲಿತದ್ದನ್ನ ಇಲ್ಲಿ ಹಂತ ಹಂತವಾಗಿ ಬರೀತಿದೀನಿ. ಎಲ್ಲದರ ಹಿಂದೆ ಇರೋ ಮಾತು ಒಂದೇ: ಅವರನ್ನ ತಿದ್ದೋಕೆ ಆಗಲ್ಲ, ಮೆದುಳಿನ ಆ ಭಾಗನೇ ಹಾಳಾಗಿರತ್ತೆ, ಆದ್ರೆ ಆ ಸಿಟ್ಟು, ಆ ಗಾಬರಿ ಯಾವುದರಿಂದ ಏಳ್ತಿದೆ ಅಂತ ಹುಡುಕಿದ್ರೆ ಮುಕ್ಕಾಲು ಪಾಲು ಸಲ ಏನೋ ಒಂದು ಸಿಕ್ಕೇ ಸಿಗತ್ತೆ, ಅದನ್ನ ಬದಲಾಯಿಸ್ಬಹುದು.

ಹಂತ 1: ಮೊದಲು ದೇಹ ನೋಡಿ

ನಿನ್ನೆವರೆಗೂ ಒಂದು ರೀತಿ ಇದ್ದೋರು ಇವತ್ತು ಇದ್ದಕ್ಕಿದ್ದಂಗೆ ಕೂಗಾಡ್ತಿದಾರೆ, ಅಥವಾ ಮಂಕಾಗಿ ಬಿದ್ಕೊಂಡೇ ಇದಾರೆ, ಏನೇನೋ ಕಾಣ್ತಿದೆ ಅಂತಾರೆ ಅಂದ್ರೆ "ಕಾಯಿಲೆ ಜಾಸ್ತಿ ಆಯ್ತು" ಅಂತ ಸುಮ್ನೆ ಕೂರ್ಬೇಡಿ. ಡಿಮೆನ್ಶಿಯಾ ತಿಂಗಳು, ವರ್ಷಗಳ ಲೆಕ್ಕದಲ್ಲಿ ಇಳಿಯೋ ಕಾಯಿಲೆ. ಒಂದೆರಡು ದಿನದಲ್ಲಿ, ಕೆಲವೊಮ್ಮೆ ಕೆಲವೇ ಗಂಟೆಗಳಲ್ಲಿ ಮನುಷ್ಯ ಬದಲಾದ್ರೆ ಅದನ್ನ ಡೆಲಿರಿಯಂ ಅಂತಾರೆ, ಅದಕ್ಕೆ ಬೇರೆ ಕಾರಣ ಇರತ್ತೆ ಮತ್ತು ಎಷ್ಟೋ ಸಲ ಆ ಕಾರಣಕ್ಕೆ ಚಿಕಿತ್ಸೆ ಇರತ್ತೆ. ಮೂತ್ರದ ಸೋಂಕು ಸಾಮಾನ್ಯ, ವಯಸ್ಸಾದವರಲ್ಲಿ ಉರಿ ಜ್ವರ ಯಾವುದೂ ಇಲ್ದೇನೂ ಬರ್ಬಹುದು. ನಿಮೋನಿಯಾ, ನೀರು ಕಡಿಮೆ ಕುಡಿಯೋದು, ಶುಗರ್ ಇಳಿಯೋದು, ಸೋಡಿಯಂ ಕಡಿಮೆಯಾಗೋದು, ಬಿದ್ದು ತಲೆಗೆ ಏಟು ಬಿದ್ದಿರೋದು, ಇವೆಲ್ಲ ಇದೆ. ಅವತ್ತೇ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ.

ಇನ್ನು ದಿನನಿತ್ಯದ ಕಿರಿಕಿರಿಗೂ ಮೊದಲು ದೇಹಾನೇ ನೋಡ್ಬೇಕು, ಯಾಕಂದ್ರೆ ಅವರಿಗೆ "ಹೊಟ್ಟೆ ನೋಯ್ತಿದೆ" ಅಂತ ಹೇಳೋಕೆ ಮಾತು ಬರಲ್ಲ, ಬದಲಿಗೆ ತಟ್ಟೆ ತಳ್ತಾರೆ. ಮಲಬದ್ಧತೆ ಇದ್ಯಾ, ಎಷ್ಟು ದಿನ ಆಯ್ತು? ಹಲ್ಲು ಸೆಟ್ ಒತ್ತತಿದ್ಯಾ? ಕಿವೀಲಿ ಗುಗ್ಗೆ ಕಟ್ಟಿ ಕೇಳಿಸ್ತಿಲ್ವಾ? ಕನ್ನಡಕ ಯಾವ ಕಾಲದ್ದು? ಮಂಡಿ ನೋವಿಗೆ ಮಾತ್ರೆ ನಿಂತುಹೋಗಿದ್ಯಾ? ಕಿವಿ ಕೇಳಿಸ್ದೇ ಇರೋರಿಗೆ ನೀವು ಪಿಸುಪಿಸು ಮಾತಾಡಿದ್ರೆ ತಮ್ಮ ಬಗ್ಗೆನೇ ಮಾತಾಡ್ತಿದಾರೆ ಅಂತಲೇ ಅನ್ಸತ್ತೆ, ಅನುಮಾನ ಅಲ್ಲಿಂದ್ಲೂ ಶುರುವಾಗತ್ತೆ.

ಮಾತ್ರೆಗಳ ಕವರ್ ಪೂರ್ತಿ ತಗೊಂಡು ಹೋಗಿ ಡಾಕ್ಟರಿಗೆ ತೋರ್ಸಿ. ನೆಗಡಿಗೆ ಅಂತ ಮೆಡಿಕಲ್ ಶಾಪಲ್ಲಿ ಕೊಡೋ ಕೆಲವು ಮಾತ್ರೆ, ಕೆಮ್ಮಿನ ಸಿರಪ್, ತುರಿಕೆಗೆ ಕೊಡೋ ಅವಿಲ್ ಥರದ್ದು, ಮೂತ್ರ ಪದೇ ಪದೇ ಬರೋದಕ್ಕೆ ಕೊಡೋ ಕೆಲವು ಔಷಧಿಗಳು ಇವರ ಗೊಂದಲಾನ ಇನ್ನೂ ಹೆಚ್ಚಿಸ್ತವೆ. ನಿದ್ದೆಗೆ ಅಂತ ಅಲ್‌ಪ್ರಾಜೊಲಾಂ ಥರದ ಮಾತ್ರೆ ನೀವೇ ತಂದು ಕೊಡೋದಂತೂ ಬೇಡ್ವೇ ಬೇಡ. ರಾತ್ರಿ ಎದ್ದು ತೂರಾಡ್ಕೊಂಡು ಬಿದ್ದು ಸೊಂಟದ ಮೂಳೆ ಮುರ್ಕೊಳ್ಳೋದು ಹೀಗೇನೇ.

ಹಂತ 2: ಯಾವ ಬಗೆ ಅಂತ ತಿಳ್ಕೊಳ್ಳಿ

ಅರವತ್ತಕ್ಕೆ ಅರಳು ಮರಳು ಅಂತ ಬಿಟ್ಟಿದ್ರೆ ಈಗಲಾದ್ರೂ ಒಂದ್ಸಲ ನ್ಯೂರಾಲಜಿಸ್ಟ್ ಅಥವಾ ಸೈಕಿಯಾಟ್ರಿಸ್ಟ್ ಹತ್ರ ತೋರ್ಸಿ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್, ಖಿನ್ನತೆ ಇವೂ ಮರೆವಿನ ಥರಾನೇ ಕಾಣ್ತವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆ ಸೌಲಭ್ಯ ಇದೆ, ಈಗ ರಾಜ್ಯದ ಜಿಲ್ಲಾಸ್ಪತ್ರೆಗಳಲ್ಲೂ ಬ್ರೈನ್ ಹೆಲ್ತ್ ಕ್ಲಿನಿಕ್ ಅಂತ ಶುರು ಮಾಡ್ತಿದಾರೆ, ನಿಮ್ಮ ಜಿಲ್ಲೇಲಿ ವಿಚಾರಿಸಿ.

ಬಗೆ ಗೊತ್ತಾದ್ರೆ ಉಪಯೋಗ ಇದೆ. ಲೂಯಿ ಬಾಡಿ ಅನ್ನೋ ಬಗೇಲಿ ಮಕ್ಕಳು, ಪ್ರಾಣಿಗಳು ಕಣ್ಣಿಗೆ ಕಟ್ಟಿದಂಗೆ ಕಾಣ್ತವೆ, ಮತ್ತೆ ಅವರಿಗೆ ಗಲಾಟೆ ತಗ್ಗಿಸೋಕೆ ಅಂತ ಹ್ಯಾಲೊಪೆರಿಡಾಲ್ ಥರದ ಇಂಜೆಕ್ಷನ್ ಕೊಟ್ರೆ ಮೈ ಬಿಗಿದು ಪ್ರಾಣಕ್ಕೇ ಅಪಾಯ ಆಗ್ಬಹುದು. ಹಾಗಾಗಿ ಫೈಲ್ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿಟ್ಕೊಳ್ಳಿ, ಕ್ಯಾಶುವಾಲ್ಟಿಲಿ ಇರೋ ಡ್ಯೂಟಿ ಡಾಕ್ಟರಿಗೆ ನೀವೇ ಮೊದಲು ಹೇಳಿ. ಫ್ರಂಟೊಟೆಂಪೊರಲ್ ಅನ್ನೋದು 65ಕ್ಕಿಂತ ಮುಂಚೆನೇ ಬರೋದು ಜಾಸ್ತಿ, ಮರೆವಿಗಿಂತ ಮೊದಲು ಸ್ವಭಾವ ಬದಲಾಗತ್ತೆ, ನಾಚಿಕೆ ಹೋಗತ್ತೆ, ಸಿಹಿ ತಿನ್ನೋದು ವಿಪರೀತ ಆಗತ್ತೆ. ಎಷ್ಟೋ ಮನೇಲಿ ಇದನ್ನ ಕೆಟ್ಟ ಚಾಳಿ ಅಂತ್ಲೋ ಯಾರೋ ಮಾಟ ಮಾಡ್ಸಿದಾರೆ ಅಂತ್ಲೋ ತಿಳ್ಕೊಂಡು ವರ್ಷಗಟ್ಟಲೆ ಕಳೀತಾರೆ, ತುಂಬ ಸಂಕಟ ಆಗತ್ತೆ ಕೇಳಿದ್ರೆ.

ಹಂತ 3: ಒಂದು ನೋಟ್‌ಬುಕ್ ಇಡಿ

ಮಕ್ಕಳ ಸ್ಕೂಲ್ ನೋಟ್‌ಬುಕ್ ಸಾಕು. ಪುಟಾನ ಮೂರು ಭಾಗ ಮಾಡಿ: ಅದಕ್ಕೆ ಮುಂಚೆ ಏನ್ ನಡೀತಿತ್ತು, ಏನ್ ಮಾಡಿದ್ರು, ನಾವೇನ್ ಮಾಡಿದ್ವಿ ಆಮೇಲೆ ಏನಾಯ್ತು. ಪಕ್ಕದಲ್ಲಿ ಟೈಮ್. "ಗಲಾಟೆ ಮಾಡಿದ್ರು" ಅಂತ ಬರೆದ್ರೆ ಏನೂ ಪ್ರಯೋಜನ ಇಲ್ಲ, "ಕುರ್ಚಿಯಿಂದ ಎದ್ದು ಬಾಗಿಲ ಚಿಲಕ ಎಳೆದ್ರು, ತಡೆದ್ರೆ ಕೈ ತಿರುವಿದ್ರು" ಅಂತ ಬರೀಬೇಕು. ಒಂದೆರಡು ವಾರ ಬರೆದ್ರೆ ಒಂದು ಲೆಕ್ಕ ಕಾಣಿಸ್ಕೊಳ್ಳತ್ತೆ.

ನಮ್ಮ ಮಾವಂದು ಹಿಂಗೇ ಗೊತ್ತಾಗಿದ್ದು. ದಿನಾ ಸಂಜೆ ನಾಲ್ಕೂವರೆ ಆಸುಪಾಸಿಗೆ "ಡ್ಯೂಟಿಗೆ ಟೈಮಾಯ್ತು, ಬ್ಯಾಗ್ ಎಲ್ಲಿಟ್ಟೆ" ಅಂತ ಶುರು. ನಾವು ಅದು ಕಾಯಿಲೆ ತಾನೇ ಅಂತ ಇದ್ವಿ. ಬರೆದು ನೋಡಿದ್ರೆ ಭಾನುವಾರ ಇರ್ತಾನೇ ಇರ್ಲಿಲ್ಲ. ಭಾನುವಾರ ಏನಿಲ್ಲ ಅಂದ್ರೆ ರಸ್ತೇಲಿ ಸ್ಕೂಲ್ ಬಸ್ ಇಲ್ಲ. ಮಿಕ್ಕ ದಿನ ಅದೇ ಟೈಮಿಗೆ ಸ್ಕೂಲ್ ಬಸ್ ಮನೆ ಮುಂದೆ ನಿಂತು ಹಾರ್ನ್ ಹೊಡೆದು ಹೋಗ್ತಿತ್ತು, ಆ ಹಾರ್ನಿಗೆ ಇವರೊಳಗಿನ ಕಂಡಕ್ಟರ್ ಎದ್ದು ನಿಲ್ತಿದ್ರು! ಆಮೇಲಿಂದ ಆ ಹೊತ್ತಿಗೆ ಅವರನ್ನ ಹಿಂದಿನ ರೂಮಿಗೆ ಕರ್ಕೊಂಡು ಹೋಗಿ ಕಾಫಿ ಕೊಡೋದು, ಒಂದು ಹಳೇ ಚರ್ಮದ ಬ್ಯಾಗು ಮತ್ತೆ ಒಂದಿಷ್ಟು ಚಿಲ್ಲರೆ ಕೊಟ್ಟು "ಮಾವ, ಲೆಕ್ಕ ಸರಿ ಇದ್ಯಾ ನೋಡಿ" ಅನ್ನೋದು. ಒಂದ್ರೂಪಾಯಿ ಎರಡ್ರೂಪಾಯಿ ಬೇರೆ ಬೇರೆ ಜೋಡ್ಸಿ, ಕಾಗದದ ಮೇಲೆ ಏನೋ ಗೀಚಿ, "ವೇಬಿಲ್ ಟ್ಯಾಲಿ ಆಯ್ತಮ್ಮ" ಅಂತ ಸಮಾಧಾನವಾಗಿ ಹೇಳೋರು. ಪೂರ್ತಿ ನಿಲ್ಲಲಿಲ್ಲ, ಆದ್ರೆ ಬಾಗಿಲಲ್ಲಿ ಎಳೆದಾಟ ನಿಲ್ತು.

ಈ ನೋಟ್‌ಬುಕ್ ಡಾಕ್ಟರಿಗೂ ತೋರ್ಸಿ. ಐದು ನಿಮಿಷದ ಓಪಿಡಿಲಿ ಬಾಯಲ್ಲಿ ಹೇಳೋಕಾಗದ್ದನ್ನ ಅದು ಹೇಳತ್ತೆ.

ಹಂತ 4: ಮಾತಾಡೋ ರೀತಿ

ಹಿಂದಿನಿಂದ ಬಂದು ಮುಟ್ಬೇಡಿ. ಎದುರಿಗೆ ಬನ್ನಿ, ಅವರು ಕೂತಿದ್ರೆ ನೀವೂ ಕೂತ್ಕೊಳ್ಳಿ, ಮುಖ ಕಾಣೋ ಹಾಗೆ. ಅವರು ಇಷ್ಟು ದಿನ ಯಾವ ಹೆಸರಿಗೆ ಓಗೊಡ್ತಿದ್ರೋ ಅದರಿಂದ್ಲೇ ಕರೀರಿ. ಒಂದು ಸಲಕ್ಕೆ ಒಂದೇ ಮಾತು. "ಎದ್ದು ಮುಖ ತೊಳ್ಕೊಂಡು ಬನ್ನಿ ತಿಂಡಿ ಆರ್ತಿದೆ" ಅಂದ್ರೆ ನಾಲ್ಕು ಕೆಲಸ ಒಟ್ಟಿಗೆ ಹೇಳಿದಂಗೆ. "ಏಳೋಣ" ಅನ್ನಿ, ಕೈ ಚಾಚಿ, ಕಾಯಿರಿ. ಉತ್ತರ ಬರೋಕೆ ಹತ್ತು ಹದಿನೈದು ಸೆಕೆಂಡ್ ಬೇಕಾಗತ್ತೆ ಅವರಿಗೆ, ನಾವು ಮೂರನೇ ಸೆಕೆಂಡಿಗೆ ಮತ್ತೆ ಕೇಳ್ತೀವಿ, ಅವರು ಮತ್ತೆ ಮೊದಲಿಂದ ಶುರು ಮಾಡ್ಬೇಕು. "ಏನ್ ತಿಂತೀರಾ" ಅನ್ನೋದಕ್ಕಿಂತ ಇಡ್ಲಿನೂ ದೋಸೆನೂ ಎದುರಿಗೇ ತೋರ್ಸಿ "ಯಾವ್ದು ಬೇಕು" ಅಂತ ಕೇಳೋದು ಸುಲಭ.

ಇನ್ನೊಂದು, ನಮ್ಮ ಕಡೆ ಮನೆಗೆ ಬಂದೋರೆಲ್ಲ ಮಾಡೋ ಕೆಲಸ: "ನಾನ್ಯಾರು ಹೇಳಿ ನೋಡೋಣ? ಗುರುತು ಸಿಗ್ತಾ?" ದಯವಿಟ್ಟು ಇದನ್ನ ನಿಲ್ಲಿಸಿ. ಪ್ರೀತಿಯಿಂದ್ಲೇ ಕೇಳ್ತಾರೆ, ನಿಜ, ಆದ್ರೆ ಅವರಿಗದು ಎಲ್ಲರ ಮುಂದೆ ಪರೀಕ್ಷೆ, ಫೇಲ್ ಆಗ್ತೀನಿ ಅಂತ ಅವರಿಗೇ ಗೊತ್ತು. ಬಾಗಿಲಲ್ಲೇ ಹೇಳಿಬಿಡಿ, "ಒಳಗೆ ಹೋಗಿ ನಾನು ನಿಮ್ಮ ತಂಗಿ ಮಗ ಅಂತ ನೀವೇ ಹೇಳ್ಕೊಳ್ಳಿ" ಅಂತ.

ವಾದ ಮಾಡ್ಬೇಡಿ. ತೀರಿಹೋದ ಹೆಂಡತಿನ ಎಲ್ಲಿ ಅಂತ ಕೇಳಿದಾಗ "ಅವರು ಹೋಗಿ ಎಷ್ಟು ವರ್ಷ ಆಯ್ತು ಮಾವ" ಅಂದ್ರೆ ಅವರಿಗೆ ಆ ಸುದ್ದಿ ಹೊಸದು, ಆಗಲೇ ಸತ್ತಂಗೆ ಅಳ್ತಾರೆ, ಅರ್ಧ ಗಂಟೆ ಬಿಟ್ಟು ಮತ್ತೆ ಕೇಳ್ತಾರೆ. ಹಾಗಂತ ಬಾಯಿಗೆ ಬಂದ ಸುಳ್ಳೂ ಬೇಕಿಲ್ಲ. "ಅತ್ತೆ ನೆನಪಾದ್ರಾ? ಅವರ ಕೈ ಸಾರು ಎಷ್ಟು ಚೆನ್ನಾಗಿರ್ತಿತ್ತು" ಅನ್ನಿ, ಮಾತು ಆ ಕಡೆ ಹರಿಯತ್ತೆ. ಮನಸ್ಸಿನ ದುಃಖಕ್ಕೆ ಉತ್ತರ ಕೊಡಿ, ಪ್ರಶ್ನೆಗಲ್ಲ.

ಹಂತ 5: ಮನೆ ಅವರ ಕಣ್ಣಿಗೆ ಹೇಗೆ ಕಾಣತ್ತೆ

ಫಳಫಳ ಹೊಳೆಯೋ ಗ್ರಾನೈಟ್ ನೆಲ ಅವರಿಗೆ ನೀರು ನಿಂತಿರೋ ಹಾಗೆ ಕಾಣ್ಬಹುದು, ಕಪ್ಪು ಕಾಲೊರೆಸು ಗುಂಡಿ ಥರ. ಅದಕ್ಕೇ ಹೊಸ್ತಿಲಲ್ಲಿ ನಿಂತು ಹೆಜ್ಜೆ ಇಡಲ್ಲ, ನಾವು ಹಠ ಅಂತೀವಿ. ಕನ್ನಡೀಲಿ ತಮ್ಮನ್ನೇ ನೋಡಿ ಯಾರೋ ಬಂದಿದಾರೆ ಅಂತ ಬೈದ್ರೆ ಕನ್ನಡಿಗೆ ಬಟ್ಟೆ ಹಾಕಿ. ಟಿವಿ ಸೀರಿಯಲ್‌ನಲ್ಲಿ ಕಿರುಚಾಡೋದನ್ನ ಮನೇಲೇ ಜಗಳ ಅಂತ ತಿಳ್ಕೊಳ್ತಾರೆ, ಅದರ ಬದಲು ಹಳೇ ಹಾಡು, ದೇವರನಾಮ, ಅವರ ಕಾಲದ ಚಿತ್ರಗೀತೆ ಹಾಕಿ. ಬಿಳೀ ತಟ್ಟೇಲಿ ಮೊಸರನ್ನ ಕಾಣಲ್ಲ, ಬಣ್ಣದ ತಟ್ಟೇಲೋ ಬಾಳೆಲೆ ಮೇಲೋ ಬಡಿಸಿ ನೋಡಿ.

ಬಚ್ಚಲು, ಟಾಯ್ಲೆಟ್ ಬಾಗಿಲ ಒಳಗಡೆ ಇರೋ ಚಿಲಕಾನೇ ಕಿತ್ತು ತೆಗೆಸಿಬಿಡಿ, ಇದನ್ನ ಇವತ್ತೇ ಮಾಡಿ. ಒಳಗೆ ಹಾಕ್ಕೊಂಡು ತೆಗೆಯೋಕೆ ಬರ್ದೇ ಗಾಬರಿಯಾಗಿ, ಬಾಗಿಲು ಒಡೆಯೋ ಪರಿಸ್ಥಿತಿ ಎಷ್ಟೋ ಮನೇಲಿ ಬಂದಿದೆ. ಟಾಯ್ಲೆಟ್ ಬಾಗಿಲಿಗೆ ಒಂದು ಚಿತ್ರ ಅಂಟಿಸಿ, ರಾತ್ರಿ ಅಲ್ಲಿವರೆಗೂ ಸಣ್ಣ ಲೈಟ್ ಇರ್ಲಿ. ಗ್ಯಾಸ್ ರೆಗ್ಯುಲೇಟರ್ ರಾತ್ರಿ ಆಫ್. ಫಿನಾಯಿಲ್, ಆಸಿಡ್, ಮಾತ್ರೆ ಡಬ್ಬಿ ಬೀಗದೊಳಗೆ.

ಹಂತ 6: ಸಂಜೆಗೆ ಮುಂಚೆನೇ ಸಂಜೆಗೆ ತಯಾರಿ

ಹೊತ್ತು ಇಳಿಯೋವಾಗ ಕಸಿವಿಸಿ ಜಾಸ್ತಿ ಆಗೋದು ಈ ಕಾಯಿಲೇಲಿ ತುಂಬ ಸಾಮಾನ್ಯ. ದಿನವಿಡೀ ಅರ್ಥ ಆಗದ ಲೋಕದಲ್ಲಿ ಒದ್ದಾಡಿ ಸುಸ್ತಾಗಿರ್ತಾರೆ, ಬೆಳಕು ಕಡಿಮೆಯಾಗಿ ನೆರಳು ಬೀಳತ್ತೆ, ಮನೆಯವರೆಲ್ಲ ಒಟ್ಟಿಗೆ ಬಂದು ಗದ್ದಲ ಆಗತ್ತೆ, ಮೆದುಳೊಳಗಿನ ಹಗಲು ರಾತ್ರಿ ಲೆಕ್ಕನೂ ತಪ್ಪಿರತ್ತೆ. ಆದ್ದರಿಂದ ಬೆಳಿಗ್ಗೆ ಬಿಸಿಲಿಗೆ ಕೂರ್ಸಿ, ನಡೆಸಿ. ಸ್ನಾನ, ಆಸ್ಪತ್ರೆ, ನೆಂಟರ ಮನೆ ಎಲ್ಲ ಮಧ್ಯಾಹ್ನದೊಳಗೆ ಮುಗಿಸಿ. ಮಧ್ಯಾಹ್ನ ಮಲಗಿದ್ರೆ ಅರ್ಧ ಮುಕ್ಕಾಲು ಗಂಟೆ ಸಾಕು. ಕಾಫಿ ಟೀ ಸಂಜೆ ಕಾಫಿಗೇ ಕೊನೆ. ದೀಪ ಹಚ್ಚೋ ಹೊತ್ತಿಗೆ ಕಾಯ್ದೇ ಐದು ಗಂಟೆಗೇ ಲೈಟ್‌ಗಳನ್ನೆಲ್ಲ ಹಾಕಿ ಪರದೆ ಎಳೆದುಬಿಡಿ.

ಕೈಗೆ ಕೆಲಸ ಕೊಡಿ. ಅವರೆಕಾಳು ಬಿಡಿಸೋದು, ಹೂ ಕಟ್ಟೋದು, ಬತ್ತಿ ಹೊಸೆಯೋದು, ಸೊಪ್ಪು ಸೋಸೋದು, ಒಗೆದ ಬಟ್ಟೆ ಮಡಚೋದು. ಸರಿಯಾಗಿ ಮಾಡ್ಬೇಕಂತ ಏನಿಲ್ಲ, ಸಿಪ್ಪೆ ಕಾಳು ಎರಡೂ ಒಂದೇ ಪಾತ್ರೆಗೆ ಹಾಕಿದ್ರೂ ಹಾಕ್ಲಿ. ಜೀವಮಾನ ಎಲ್ಲ ದುಡಿದ ಕೈ ಅದು, ಸುಮ್ನೆ ಕೂರು ಕೂರು ಅಂದ್ರೆ ಎಲ್ಲಿ ಕೂರತ್ತೆ.

ಹಂತ 7: ಒಂದೊಂದೇ ಸಮಸ್ಯೆ

*"ಮನೆಗೆ ಹೋಗ್ಬೇಕು."* ಐವತ್ತು ವರ್ಷ ಇದ್ದ ಮನೇಲೇ ಕೂತು ಹೇಳ್ತಾರೆ. ಇದೇ ನಿಮ್ಮನೆ ಅಂತ ರಿಜಿಸ್ಟ್ರೇಷನ್ ಪತ್ರ ತೋರ್ಸಿದ್ರೂ ಒಪ್ಪಲ್ಲ, ಯಾಕಂದ್ರೆ ಅವರು ಕೇಳ್ತಿರೋದು ಸಾಮಾನ್ಯವಾಗಿ ನೆಮ್ಮದಿ, ಅಪ್ಪ ಅಮ್ಮ ಇದ್ದ ಜಾಗ. ಮೊದಲು ಹಸಿವು, ಮೂತ್ರ, ಚಳಿ ನೋಡಿ. ಆಮೇಲೆ "ಹೋಗೋಣ, ಊರ ಮನೆ ಹೇಗಿತ್ತು ಹೇಳಿ, ಬಾವಿ ಎಲ್ಲಿತ್ತು" ಅಂತ ಕೇಳಿ. ಅದಕ್ಕೂ ನಿಲ್ಲಲಿಲ್ಲ ಅಂದ್ರೆ ಚಪ್ಪಲಿ ಹಾಕ್ಸಿ, ಜೊತೇಲಿ ಒಂದು ಸುತ್ತು ಬೀದಿಗೆ ಹೋಗಿ ಇನ್ನೊಂದು ಕಡೆಯಿಂದ ವಾಪಸ್ ಬನ್ನಿ, "ಬನ್ನಿ ಮನೆ ಬಂತು" ಅಂತ ಒಳಗೆ ಕರೀರಿ. ಬಾಗಿಲಿಗೆ ಅಡ್ಡ ನಿಂತು ತಡೆಯೋದಕ್ಕಿಂತ ಇದಕ್ಕೆ ಕಡಿಮೆ ಹೊತ್ತು ಹಿಡಿಯತ್ತೆ.

*ಕದ್ದಿದಾರೆ ಅನ್ನೋದು.* ಇದು ಸೊಸೆಯಂದಿರಿಗೆ, ಕೆಲಸದವರಿಗೆ ಎದೆಗೆ ಚುಚ್ಚೋ ಮಾತು. ನಡೆಯೋದು ಇಷ್ಟು: ಜೋಪಾನ ಮಾಡ್ಬೇಕು ಅಂತ ಎಲ್ಲೋ ಬಚ್ಚಿಡ್ತಾರೆ, ಬಚ್ಚಿಟ್ಟಿದ್ದೇ ಮರೀತಾರೆ, ವಸ್ತು ಕಾಣಲ್ಲ, ಹಾಗಾದ್ರೆ ಯಾರೋ ತಗೊಂಡಿದಾರೆ, ಹತ್ರ ಇರೋರು ಯಾರು, ನೀವೇ. ಅವರಿಗೆ ಆ ಲೆಕ್ಕ ಸರಿಯಾಗೇ ಇದೆ. "ನಾನ್ಯಾಕೆ ಕದೀಲಿ" ಅಂತ ಜಗಳಕ್ಕೆ ನಿಂತ್ರೆ ಅನುಮಾನ ಗಟ್ಟಿಯಾಗತ್ತೆ. "ಅಯ್ಯೋ, ಸರ ಕಾಣ್ತಿಲ್ವಾ, ಬನ್ನಿ ಇಬ್ರೂ ಹುಡುಕೋಣ" ಅನ್ನಿ, ಹುಡುಕಿ, ಸಿಕ್ಕಾಗ ನೋಡಿ ಇಲ್ಲಿದೆ ಅಂತ ಚುಚ್ಬೇಡಿ. ಬಚ್ಚಿಡೋ ಜಾಗ ಸಾಮಾನ್ಯವಾಗಿ ನಾಲ್ಕೈದೇ ಇರತ್ತೆ. ನಮಗೆ ಗೊತ್ತಿರೋ ಒಬ್ಬ ಅಜ್ಜಿ ಅಕ್ಕಿ ಡಬ್ಬದ ತಳದಲ್ಲಿ, ದಿಂಬಿನ ಕವರಿನೊಳಗೆ, ಮಡಚಿಟ್ಟ ರೇಷ್ಮೆ ಸೀರೆ ಮಡಿಕೇಲಿ ಬಿಟ್ರೆ ಬೇರೆ ಕಡೆ ಇಡ್ತಾನೇ ಇರ್ಲಿಲ್ಲ. ನಿಜವಾದ ಚಿನ್ನ ಬೇರೆ ಕಡೆ ಇಟ್ಟು ಅದೇ ಥರ ಕಾಣೋ ಉಮಾಗೋಲ್ಡ್ ಸರ ಹಾಕಿ. ಹತ್ತು ಇಪ್ಪತ್ತು ರೂಪಾಯಿ ನೋಟು ತುಂಬಿದ ಪರ್ಸ್ ಕೈಲಿರ್ಲಿ, ದುಡ್ಡು ಕೈಲಿದೆ ಅನ್ನೋ ಧೈರ್ಯ ಬೇಕು ಅವರಿಗೆ. ಅಕ್ಕಪಕ್ಕದವರಿಗೆ, ನಾದಿನಿ ಭಾವಂದಿರಿಗೆ ಇದು ಕಾಯಿಲೆ ಅಂತ ಮುಂಚೆನೇ ಹೇಳಿಡಿ, ಆಮೇಲೆ ಹೇಳಿದ್ರೆ ಸಮಜಾಯಿಷಿ ಥರ ಕೇಳಿಸತ್ತೆ.

*ಸ್ನಾನ.* ಇದನ್ನ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಮನೇಲಿ ಹೊಡೆದಾಟ ಆಗೋದು ಬಹುತೇಕ ಬಚ್ಚಲಲ್ಲೇ. ಅವರ ಕಡೆಯಿಂದ ಯೋಚ್ನೆ ಮಾಡಿ. ಯಾರೋ ಬಟ್ಟೆ ಬಿಚ್ತಿದಾರೆ, ನೆಲ ಜಾರತ್ತೆ, ಚಳಿ, ಇದ್ದಕ್ಕಿದ್ದಂಗೆ ತಲೆ ಮೇಲೆ ಒಂದು ಚೊಂಬು ನೀರು. ಯಾರಾದ್ರೂ ಕೈ ಬೀಸ್ತಾರೆ.

ಮೊದಲು ಬಚ್ಚಲು ತಯಾರ್ ಮಾಡಿ, ನೀರು ಹದವಾಗಿ ಬೆರೆಸಿ, ಟವೆಲ್ ಬಟ್ಟೆ ಸೋಪು ಕೈಗೆ ಸಿಗೋ ಹಾಗಿಟ್ಟು, ಪ್ಲಾಸ್ಟಿಕ್ ಕುರ್ಚಿ ಹಾಕಿ, ಕೆಳಗೆ ಜಾರದ ಮ್ಯಾಟ್ ಹಾಸಿ, ಆಮೇಲೆ ಕರೀರಿ. "ಸ್ನಾನಕ್ಕೆ ಬನ್ನಿ" ಅನ್ನೋ ಮಾತಿಗೇ ಸಿಟ್ಟು ಬರೋರಿಗೆ "ಕಾಲು ತೊಳ್ಕೊಳ್ಳೋಣ, ನೀರು ಬೆಚ್ಚಗಿದೆ" ಅನ್ನಿ. ಎಣ್ಣೆ ಹಚ್ಚಿಸ್ಕೊಳ್ಳೋದು ಇಷ್ಟ ಇದ್ರೆ ಅಲ್ಲಿಂದ ಶುರು ಮಾಡಿ. ಬಟ್ಟೆ ಪೂರ್ತಿ ಬಿಚ್ಬೇಡಿ, ಹೆಗಲ ಮೇಲೆ ಒಂದು ದೊಡ್ಡ ಟವೆಲ್, ತೊಡೆ ಮೇಲೆ ಒಂದು, ಅದರ ಒಳಗೇ ತೊಳೀಬಹುದು. ಚೊಂಬನ್ನ ಅವರ ಕೈಗೇ ಕೊಡಿ. ಕಾಲಿನಿಂದ ಮೇಲಕ್ಕೆ ಬನ್ನಿ, ಮುಖ ತಲೆ ಕೊನೆಗೆ, ಅಥವಾ ತಲೆ ಸ್ನಾನ ಬೇರೆ ದಿನ. ಏನ್ ಮಾಡ್ತೀರೋ ಅದನ್ನ ಮುಂಚೆನೇ ಹೇಳ್ತಾ ಹೋಗಿ, ಈಗ ಬೆನ್ನಿಗೆ ನೀರು ಹಾಕ್ತೀನಿ, ಈಗ ಕೈ. ಮಾವನಿಗೆ ಸೊಸೆ ಸ್ನಾನ ಮಾಡ್ಸೋದು, ಅಮ್ಮನಿಗೆ ಮಗ ಮಾಡ್ಸೋದು ಅವರಿಗೂ ಕಷ್ಟ ನಮಗೂ ಕಷ್ಟ, ಆ ಸಂಕೋಚ ಕಾಯಿಲೇಲಿ ಹೋಗಲ್ಲ, ಹಾಗಾಗಿ ಆದಷ್ಟು ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು ಅಂತ ವ್ಯವಸ್ಥೆ ಮಾಡಿ. ಒಂದಿನ ಬೇಡ ಅಂದ್ರೆ ಬಿಡಿ, ಒದ್ದೆ ಬಟ್ಟೇಲಿ ಮೈ ಒರೆಸಿ. ವಾರಕ್ಕೆ ಎರಡು ಮೂರು ಸಲ ಸ್ನಾನ ಆದ್ರೆ ಸಾಕು, ದಿನಾ ಬೇಕು ಅನ್ನೋ ಹಠ ನಮ್ದು.

*ಹೊಡೆಯೋಕೆ ಬಂದಾಗ.* ಎರಡು ಹೆಜ್ಜೆ ಹಿಂದೆ ಸರೀರಿ. ಕೈ ಹಿಡಿದು ಬಗ್ಗಿಸ್ಬೇಡಿ, ಸುತ್ತ ಜನ ಸೇರ್ಬೇಡಿ, ಒಬ್ಬರೇ ಮಾತಾಡಿ, ಮೆಲ್ಲಗೆ. ಮಾಡ್ತಿದ್ದ ಕೆಲಸ ಅಲ್ಲಿಗೇ ಬಿಡಿ. ಅವರು ಒಬ್ಬರೇ ಇದ್ರೂ ಅಪಾಯ ಇಲ್ಲ ಅಂದ್ರೆ ರೂಮಿಂದ ಹೊರಗೆ ಬನ್ನಿ, ಹತ್ತು ನಿಮಿಷ ಬಿಟ್ಟು ಹೊಸದಾಗಿ ಬಂದಂಗೆ ಬನ್ನಿ. ಎಷ್ಟೋ ಸಲ ಅವರಿಗೆ ನಡೆದದ್ದೇ ನೆನಪಿರಲ್ಲ, ಆದ್ರೆ ಮನಸ್ಸಲ್ಲಿ ಉಳಿದ ಕಹಿ ಮಾತ್ರ ಇರತ್ತೆ, ಅದಕ್ಕೆ ಆಮೇಲೆ ಬುದ್ಧಿ ಹೇಳೋದು ವ್ಯರ್ಥ. ಮಂಚಕ್ಕೆ ಪಂಚೇಲೋ ಸೀರೇಲೋ ಕಟ್ಟಿಹಾಕೋದು ಬೇಡ, ಗಾಬರಿ ಇನ್ನೂ ಹೆಚ್ಚತ್ತೆ, ಬಿಡಿಸ್ಕೊಳ್ಳೋಕೆ ಹೋಗಿ ಉಸಿರು ಕಟ್ಟಿ ಸತ್ತೋರಿದಾರೆ. ಚಾಕು, ಕತ್ತಿ, ಮಚ್ಚು ಕಣ್ಣಿಗೆ ಬೀಳದ ಹಾಗಿಡಿ.

*ಕೇಳಿದ್ದೇ ಕೇಳೋದು.* ಉತ್ತರ ಮರೆತಿರತ್ತೆ, ಚಿಂತೆ ಉಳಿದಿರತ್ತೆ. "ಮಗ ಯಾವಾಗ ಬರ್ತಾನೆ" ಅಂತಿದ್ರೆ ಅವನ ಫೋಟೋ ಪಕ್ಕ ದೊಡ್ಡದಾಗಿ "ರಾತ್ರಿ ಊಟಕ್ಕೆ ಬರ್ತಾನೆ" ಅಂತ ಬರೆದಿಡಿ. ಓದೋಕೆ ಬರ್ದಿದ್ರೆ ಕೈ ಹಿಡಿದು ಕೂತು ಅದೇ ಉತ್ತರ ಅದೇ ದನೀಲಿ ಹೇಳಿ. ಆಸ್ಪತ್ರೆ, ಮದುವೆ ಅಂತ ನಾಲ್ಕು ದಿನ ಮುಂಚೆ ಹೇಳ್ಬೇಡಿ, ಹೊರಡೋ ಹೊತ್ತಿಗೆ ಹೇಳಿ.

*ಇಲ್ಲದ್ದು ಕಾಣೋದು.* ಹೆದರಿಲ್ಲ, ಖುಷಿಯಾಗೇ ಇದಾರೆ ಅಂದ್ರೆ ಏನೂ ಮಾಡ್ಬೇಡಿ. ಹೆದರಿದ್ರೆ "ನಂಗೆ ಕಾಣ್ತಿಲ್ಲ, ಆದ್ರೆ ನಿಮಗೆ ಭಯ ಆಗಿದೆ, ನಾನಿಲ್ಲೇ ಇದೀನಿ" ಅನ್ನಿ, ಲೈಟ್ ಹಾಕಿ, ಪಕ್ಕದ ರೂಮಿಗೆ ಕರ್ಕೊಂಡು ಹೋಗಿ. ಹೊಸದಾಗಿ ಶುರುವಾಗಿದ್ರೆ ಹಂತ 1ಕ್ಕೆ ವಾಪಸ್ ಹೋಗಿ, ಕಣ್ಣೂ ತೋರ್ಸಿ.

*ಹೊರಗೆ ಹೊರಟುಹೋಗೋದು.* ಚಿಲಕ ಕಣ್ಣಳತೆಗಿಂತ ತುಂಬ ಮೇಲೆ ಅಥವಾ ತುಂಬ ಕೆಳಗೆ ಹಾಕ್ಸಿ, ಬಾಗಿಲಿಗೆ ಒಂದು ಗಂಟೆ ಕಟ್ಟಿ. ಆದ್ರೆ ಒಳಗೆ ಒಬ್ಬರನ್ನೇ ಬಿಟ್ಟು ಹೊರಗಿಂದ ಬೀಗ ಹಾಕ್ಕೊಂಡು ಹೋಗ್ಬೇಡಿ, ಬೆಂಕಿ ಬಿದ್ರೆ ಗತಿ ಏನು. ಜೇಬಲ್ಲಿ, ಪರ್ಸಲ್ಲಿ, ಕೈ ಬಳೇಲಿ ನಿಮ್ಮ ಫೋನ್ ನಂಬರ್ ಇರ್ಲಿ. ಒಂದು ಈಚಿನ ಫೋಟೋ ಮೊಬೈಲಲ್ಲಿ ಯಾವಾಗ್ಲೂ ರೆಡಿ ಇರ್ಲಿ. ಬೀದಿ ಕೊನೆ ಕಿರಾಣಿ ಅಂಗಡಿ, ಆಟೋ ಸ್ಟ್ಯಾಂಡ್, ದೇವಸ್ಥಾನದ ಪೂಜಾರಿ, ಹೂವಿನವರು ಇವರಿಗೆಲ್ಲ ಮುಂಚೆನೇ ಮುಖ ಪರಿಚಯ ಮಾಡ್ಸಿಡಿ. ಕಾಣೆಯಾದ್ರೆ ಮೊದಲು ಮನೆ ಸುತ್ತ, ಟೆರೇಸು, ಬಾವಿ, ಕೆರೆ ಕಡೆ ನೋಡಿ, ಆಮೇಲೆ ಹಳೇ ಮನೆ, ಹಳೇ ಕೆಲಸದ ಜಾಗ, ಬಸ್ ಸ್ಟ್ಯಾಂಡ್. ಜೊತೆಜೊತೆಗೇ 112ಕ್ಕೆ ಫೋನ್ ಮಾಡಿ, 24 ಗಂಟೆ ಕಾಯ್ಬೇಕು ಅಂತ ಯಾವ ನಿಯಮನೂ ಇಲ್ಲ.

*ಬಟ್ಟೆ ಬಿಚ್ಚೋದು, ಅಸಭ್ಯವಾಗಿ ಮುಟ್ಟೋದು.* ಯಾರೂ ಬಾಯಿಬಿಟ್ಟು ಹೇಳಲ್ಲ, ಆದ್ರೆ ಇರತ್ತೆ. ಸೆಕೆಗೋ ತುರಿಕೆಗೋ ಮೂತ್ರಕ್ಕೋ ಬಟ್ಟೆ ಬಿಚ್ತಿರ್ಬಹುದು, ಸೊಸೇನೋ ನರ್ಸನ್ನೋ ಹೆಂಡತಿ ಅಂತ ತಿಳ್ಕೊಂಡಿರ್ಬಹುದು. ಕೂಗಾಡ್ದೇ ಕೈ ಸರಿಸಿ, "ಇದು ಬೇಡ" ಅಂತ ಗಟ್ಟಿಯಾಗಿ ಒಂದೇ ಸಲ ಹೇಳಿ, ಕೈಗೆ ಬೇರೆ ಏನಾದ್ರೂ ಕೊಡಿ. ಮನೆ ಹೆಣ್ಣುಮಗಳು ಇದನ್ನ ಹೇಳ್ಕೊಂಡಾಗ ನಂಬಿ, ಅವಳೊಬ್ಬಳನ್ನೇ ಅವರ ಜೊತೆ ಬಿಡ್ಬೇಡಿ, ಡಾಕ್ಟರಿಗೂ ಹೇಳಿ.

ಹಂತ 8: ಮಾತ್ರೆ ಯಾವಾಗ

ಡೊನೆಪೆಜಿಲ್, ಮೆಮಾಂಟಿನ್ ಇವು ನೆನಪಿನ ಕಡೆಗೆ ಸ್ವಲ್ಪ ಸಹಾಯ ಮಾಡ್ತವೆ, ಸಿಟ್ಟು ಅನುಮಾನಕ್ಕೆ ದೊಡ್ಡ ಉಪಯೋಗ ನಿರೀಕ್ಷೆ ಮಾಡ್ಬೇಡಿ. ಡೊನೆಪೆಜಿಲ್ ರಾತ್ರಿ ತಗೊಂಡು ಕೆಟ್ಟ ಕನಸು ಬೀಳ್ತಿದ್ರೆ ಬೆಳಿಗ್ಗೆಗೆ ಬದಲಾಯಿಸ್ಬಹುದಾ ಅಂತ ಡಾಕ್ಟರನ್ನ ಕೇಳಿ. ಸಿಟ್ಟು, ಭ್ರಮೆ ತಗ್ಗಿಸೋಕೆ ಕೊಡೋ ರಿಸ್ಪೆರಿಡೋನ್, ಕ್ವೆಟಿಯಾಪಿನ್ ಥರದ ಮಾತ್ರೆಗಳು ಬೇರೆ. ಡಿಮೆನ್ಶಿಯಾ ಇರೋ ಹಿರಿಯರಲ್ಲಿ ಇವು ಸಾವಿನ ಅಪಾಯ ಹೆಚ್ಚಿಸ್ತವೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಕೆ ಕೊಟ್ಟಿದೆ, ಪಾರ್ಶ್ವವಾಯು, ಬೀಳೋದು ಜಾಸ್ತಿ ಆಗತ್ತೆ. ಹಾಗಂತ ಯಾವತ್ತೂ ಬೇಡ ಅಂತಲ್ಲ. ಅವರಿಗೋ ಬೇರೆಯವರಿಗೋ ಅಪಾಯ ಆಗೋವಷ್ಟು ಇದ್ರೆ, ಅಥವಾ ಅವರೇ ಭಯದಲ್ಲಿ ನರಳ್ತಿದ್ರೆ, ಕಡಿಮೆ ಡೋಸಲ್ಲಿ ಸ್ವಲ್ಪ ಕಾಲಕ್ಕೆ ಕೊಡ್ತಾರೆ. ಯಾವ ತೊಂದ್ರೆಗೆ ಕೊಡ್ತಿದೀರಾ, ಎಷ್ಟು ವಾರಕ್ಕೆ ಗೊತ್ತಾಗತ್ತೆ, ಯಾವಾಗ ನಿಲ್ಸೋಕೆ ನೋಡೋಣ, ಈ ಮೂರು ಪ್ರಶ್ನೆ ಕೇಳ್ದೇ ಎದ್ದು ಬರ್ಬೇಡಿ. ನಾಲ್ಕು ವಾರದಲ್ಲಿ ಗುಣ ಕಾಣ್ದಿದ್ರೆ ಮುಂದುವರೆಸೋದ್ರಲ್ಲಿ ಅರ್ಥ ಇಲ್ಲ, ಗುಣ ಆಗಿದ್ರೂ ನಾಲ್ಕು ತಿಂಗಳೊಳಗೆ ಕಡಿಮೆ ಮಾಡಿ ನೋಡ್ಬೇಕು ಅನ್ನೋದು ಮನೋವೈದ್ಯರ ಮಾರ್ಗಸೂಚೀಲೇ ಇದೆ. ನೀವಾಗೇ ತಟ್ಟಂತ ನಿಲ್ಸೋದು ಮಾತ್ರ ಬೇಡ.

ಹಂತ 9: ನೋಡ್ಕೊಳ್ಳೋರು ಉಳೀಬೇಕು

ರಾತ್ರಿ ನಿದ್ದೆ ಇಲ್ದೇ ಹಗಲು ಸಹನೆಯಿಂದ ಇರಿ ಅಂದ್ರೆ ಯಾರಿಗೂ ಆಗಲ್ಲ. ಒಬ್ಬರ ತಲೆ ಮೇಲೇ ಎಲ್ಲ ಬಿದ್ರೆ ಎಷ್ಟೇ ಒಳ್ಳೇ ಮನಸ್ಸಿದ್ರೂ ಒಂದಿನ ಕೈ ಎದ್ದುಬಿಡತ್ತೆ, ಅಲ್ಲಿಗೆ ಬರೋಕೆ ಮುಂಚೆನೇ ಮನೆಯವರನ್ನ ಕೂರಿಸಿ ಮಾತಾಡಿ. ಬೆಂಗಳೂರಲ್ಲೋ ಅಮೆರಿಕದಲ್ಲೋ ಇರೋ ಮಕ್ಕಳು ಫೋನಲ್ಲಿ ಸಲಹೆ ಕೊಡೋದು ಬಿಟ್ಟು ಅಟೆಂಡರ್ ಖರ್ಚು, ಡೈಪರ್ ಖರ್ಚು ಹೊರಲಿ, ವರ್ಷಕ್ಕೆ ಕೆಲವು ವಾರ ಬಂದು ಪೂರ್ತಿ ಜವಾಬ್ದಾರಿ ತಗೊಳ್ಳಲಿ, ಆ ವಾರ ನೀವು ಮನೇಲಿರ್ಬೇಡಿ. ಅಟೆಂಡರ್ ಇಟ್ಕೊಂಡ್ರೆ ಮೊದಲ ಕೆಲವು ದಿನ ಜೊತೇಲೇ ಇದ್ದು ಮೇಲೆ ಹೇಳಿದ್ದನ್ನೆಲ್ಲ ತೋರಿಸಿಕೊಡಿ, ಆ ನೋಟ್‌ಬುಕ್ ಅವರ ಕೈಗೂ ಕೊಡಿ. ಡೇ ಕೇರ್ ಸೆಂಟರ್‌ಗೆ ಕಳಿಸಿದ್ರೆ, ಕೊನೆಗೆ ಆರೈಕೆ ಕೇಂದ್ರಕ್ಕೇ ಸೇರಿಸಿದ್ರೆ ಅದು ಕೈಬಿಟ್ಟಂಗಲ್ಲ, ಜನ ಅಂತಾರೆ, ಅನ್ಲಿ. ಬೆಂಗಳೂರಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಡಿಮೆನ್ಶಿಯಾಗೆ ಅಂತಲೇ ಕೇಂದ್ರ ನಡೆಸತ್ತೆ, 1992ರಲ್ಲಿ ಕೇರಳದಲ್ಲಿ ಶುರುವಾದ, ಡಿಮೆನ್ಶಿಯಾ ಇರೋರಿಗೂ ಅವರ ಮನೆಯವರಿಗೂ ನೆರವಾಗೋ ಎಆರ್‌ಡಿಎಸ್‌ಐ ಸಂಸ್ಥೆಯ ಶಾಖೆ ಬೆಂಗಳೂರಲ್ಲೂ ಇದೆ.

ನಿಮಗೇ ಅಳು ನಿಲ್ತಿಲ್ಲ, ಸಾಯೋಣ ಅನ್ಸತ್ತೆ, ಅಥವಾ ಅವರಿಗೆ ಏನಾದ್ರೂ ಮಾಡಿಬಿಡ್ತೀನೇನೋ ಅನ್ನೋ ಭಯ ಬಂದಿದೆ ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, 24 ಗಂಟೆನೂ ಇರತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ಬಹುದು. ಹಿರಿಯರ ಪಿಂಚಣಿ, ಆಶ್ರಯ, ಮನೇಲಿ ಯಾರಾದ್ರೂ ಹಿಂಸೆ ಕೊಡ್ತಿರೋದು, ಇಂಥದ್ದಕ್ಕೆ ಎಲ್ಡರ್ ಲೈನ್ 14567 ಇದೆ, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ಬೆಂಗಳೂರಲ್ಲಿ ಹಿರಿಯರ ಸಹಾಯವಾಣಿ 1090 ಕೂಡ ಇದೆ. ಈ ನಂಬರ್‌ಗಳ ಜೊತೆ 112ನೂ ಸೇರಿಸಿ ದಪ್ಪ ಅಕ್ಷರದಲ್ಲಿ ಬರೆದು ಫ್ರಿಡ್ಜ್ ಬಾಗಿಲಿಗೆ ಅಂಟಿಸಿ, ಅಟೆಂಡರಿಗೂ ತೋರ್ಸಿಡಿ.